ಗೌರಕ್ಕ ಬಿಡಿಸಿಟ್ಟ ಕಾಗದಗಳು

ಗೌರಕ್ಕನ ಬೆರಳ ತುದಿಗಳು ಯಾವಾಗಲೂ ಕಪ್ಪಗಿರುತ್ತಿದ್ದವು. ಒಲೆಯ ಮಸಿಯಲ್ಲ, ಪತ್ರಿಕೆಯ ಶಾಯಿ. ಎಲ್ಲರ ಮನೆಯಲ್ಲಿ ಓದಿ ಮುಗಿದ ಮೇಲೆ ಪತ್ರಿಕೆಯ ಆಯುಷ್ಯ ಮುಗಿದರೆ, ಅವರ ಮನೆಯಲ್ಲಿ ಅಲ್ಲಿಂದ ಶುರುವಾಗುತ್ತಿತ್ತು. ಡಬ್ಬಿಗಳ ಕೆಳಗೆ, ಟ್ರಂಕಿನ ತಳದಲ್ಲಿ, ರೊಟ್ಟಿಯ ಬುಟ್ಟಿಯಲ್ಲಿ, ಎಲ್ಲೆಲ್ಲೂ ಅದೇ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾದರೆ ಕಿಟಕಿಯ ಸಂದುಗಳಿಗೆ ಕಾಗದ ತುರುಕಿ ಘಾಟನ್ನು ಹೊರಗೇ ನಿಲ್ಲಿಸುತ್ತಿದ್ದರು. ನಾನು ಏನನ್ನಾದರೂ ಮುದುಡಿ ಎಸೆಯಲು ಹೋದರೆ ಗೋಡೆಯಾಚೆಯಿಂದಲೇ ಕೂಗು: "ಒಗೀಬ್ಯಾಡ್ರಿ ಅಕ್ಕೋರ, ಅದಕ್ಕ ಇನ್ನೂ ಜೀವ ಐತಿ."

ನಾನು ಆಗ ಮೋಟೆಬೆನ್ನೂರಿನ ಶಾಲೆಯಲ್ಲಿ ಶಿಕ್ಷಕಿ. ಬ್ಯಾಡಗಿಯಲ್ಲಿ ಅವರ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆ. ಸಂಜೆ ಬಸ್ಸಿಳಿದು ಬಂದರೆ ಕೀಲಿ ತೆಗೆಯುವುದಕ್ಕೂ ಬೇಸರವಾಗಿ ಅವರ ಕಟ್ಟೆಯ ಮೇಲೆಯೇ ಕುಳಿತುಬಿಡುತ್ತಿದ್ದೆ. "ದಣದ ಬಂದೀರಿ, ಕುಂದ್ರಿ" ಎಂದು ಚಹಾ ತಂದಿಡುತ್ತಿದ್ದರು. ಅವರಿಗಿಂತ ನನಗೆ ಹೆಚ್ಚು ದಣಿವಾಗಿರುವ ಸಂಭವವೇ ಇರಲಿಲ್ಲ. ಆದರೂ ಅವರು ಕುಳಿತು ಚಹಾ ಕುಡಿದದ್ದನ್ನು ನಾನು ನೋಡಿದ್ದು ಕಡಿಮೆ.

ನಾನು ಆ ಓಣಿಗೆ ಬರುವ ಹಿಂದಿನ ವರ್ಷ ಅವರ ಗಂಡ ಈರಪ್ಪನವರಿಗೆ ಲಕ್ವಾ ಹೊಡೆದಿತ್ತು. ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಅವರದು ಪೇಟೆಯಲ್ಲಿ ಕಿರಾಣಿ ಅಂಗಡಿ. ಮಾತಾಡುತ್ತಲೇ, ಕೈಯ ಕಡೆ ನೋಡದೆಯೇ, ಕಾಗದ ಸುತ್ತಿ ಪೊಟ್ಟಣ ಕಟ್ಟುತ್ತಿದ್ದರಂತೆ. ಈಗ ಅಂಗಡಿಯನ್ನು ಅವರ ತಮ್ಮ ಶಿವಪ್ಪ ನೋಡಿಕೊಳ್ಳುತ್ತಿದ್ದ. ಈರಪ್ಪನವರು ಪಡಸಾಲೆಯ ಮಂಚದ ಮೇಲೆ ಗೋಡೆಗೊರಗಿ ಕುಳಿತಿರುತ್ತಿದ್ದರು. ಹಿಚುಕಲೆಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಗೌರಕ್ಕ ಕೈಗಿಟ್ಟಾಗಲೆಲ್ಲ ಅವರು ಅದನ್ನು ನೆಲಕ್ಕೆ ಉರುಳಿಸಿ ಮುಖ ತಿರುಗಿಸುತ್ತಿದ್ದರು.

ಒಂದು ದಿನ ಗೌರಕ್ಕ ಅವರಿಗೆ ಊಟ ಮಾಡಿಸಿ, ತೊಡೆಯ ಮೇಲೆ ಹಾಸಿದ್ದ ಪತ್ರಿಕೆಯನ್ನು ತೆಗೆಯಲು ಮರೆತು ಒಳಗೆ ಹೋಗಿದ್ದರು. ತಿರುಗಿ ಬಂದು ನೋಡಿದರೆ ಈರಪ್ಪನವರು ಬಲ ಮುಂಗೈಯನ್ನು ಕಲ್ಲಿನಂತೆ ಕಾಗದದ ಮೇಲೆ ಹೇರಿ, ಎಡಗೈಯಿಂದ ಅದರ ಮೂಲೆ ಸುರುಳಿ ಸುತ್ತುತ್ತಿದ್ದಾರೆ. ಗೌರಕ್ಕ ಒಳಗೆ ಹೋಗಿ ಒಂದು ಕಟ್ಟು ಪತ್ರಿಕೆ ತಂದು ಹರಿದು, ಚೌಕ ಮಾಡಿ ಪಕ್ಕದಲ್ಲಿಟ್ಟರು.

ಕೆಲವು ವಾರಗಳ ನಂತರ, ಸಂಜೆ, ಗೌರಕ್ಕ ಎರಡೂ ಕೈಯಲ್ಲಿ ಒಂದು ಪೊಟ್ಟಣ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅವರ ಹಿಂದೆ ಅಂಗಳದುದ್ದಕ್ಕೂ ಬಿಳಿ ಗೆರೆ.

"ಗೌರಕ್ಕ, ಸಕ್ರಿ ಸೋರಾಕತ್ತೇತ್ರಿ!"

"ಸೋರ್ಲಿ ಬಿಡ್ರಿ. ಇವರು ಕಟ್ಟ್ಯಾರ," ಎಂದರು. "ಯಾರಿಗರ ತೋರಸ್ಬೇಕು ಅನಿಸ್ತು."

ಮರುದಿನ ಇರುವೆಗಳು ಅಂಗಳ ತುಂಬಿದ್ದವು. ನಾನು ಗುಡಿಸಲಿಲ್ಲ.

ಪೊಟ್ಟಣಗಳು ಸುಧಾರಿಸುತ್ತ ಬಂದವು. ಬಲಗೈಯ ಹೆಬ್ಬೆರಳು ಸಣ್ಣಗೆ ಅಲುಗತೊಡಗಿತು. ಗೌರಕ್ಕ ಖಾಲಿ ಪೊಟ್ಟಣಗಳನ್ನು ಒಂದರೊಳಗೊಂದು ಜೋಡಿಸಿ, ಗಂಡನ ಎದುರೇ ಶಿವಪ್ಪನ ಕೈಗೆ ಕೊಟ್ಟರು. ಈರಪ್ಪನವರ ಮುಖದಲ್ಲಿ ಅಂದು ಅಂಗಡಿಕಾರನ ಗತ್ತು ಮರಳಿತ್ತು. ಆದರೆ ಒಂದು ವಾರದಲ್ಲಿ ಶಿವಪ್ಪ ಹಿತ್ತಲ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಅದೇ ಕಟ್ಟು.

"ವೈನಿ, ತಪ್ಪ ತಿಳಕೋಬ್ಯಾಡ್ರಿ. ಗಿರಾಕಿ ಎಲ್ಲಾ ಪ್ಲಾಸ್ಟಿಕ್ ಕವರ್ ಕೇಳತಾರ. ಇದರಾಗ ಕೊಟ್ರ ಬ್ಯಾಡ ಅಂತಾರ. ಒಗ್ಯಾಕ ನನಗ ಮನಸ ಬರಲಿಲ್ಲ."

"ಅವರಿಗೆ ಹೇಳಬ್ಯಾಡ," ಎಂದರು ಗೌರಕ್ಕ, ಅಷ್ಟೇ.

ಆಮೇಲೆ ನಡೆದದ್ದು ನನಗೆ ಗೊತ್ತಾದದ್ದು ಒಂದು ರಜೆಯ ಮಧ್ಯಾಹ್ನ. ಈರಪ್ಪನವರಿಗೆ ನಿದ್ದೆ ಹತ್ತಿತ್ತು. ಗೌರಕ್ಕ ಹಿತ್ತಲಲ್ಲಿ ಕುಳಿತು ಪೊಟ್ಟಣಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯಿಂದ ತೀಡಿ, ಮಣೆಯ ಕೆಳಗೆ ಒತ್ತಿಡುತ್ತಿದ್ದರು. ನನ್ನನ್ನು ಕಂಡು ಬಚ್ಚಿಡಲು ಹೋಗಿ, ಬಿಟ್ಟರು.

"ಇಷ್ಟು ಪೇಪರ್ ದಿನಾ ಎಲ್ಲಿಂದ ತರ್ಲಿ ಅಕ್ಕೋರ? ಅದಕ್ಕ, ಅವರು ಸುತ್ತಿದ್ದು ನಾ ಬಿಡಸ್ತೇನಿ, ನಾ ಬಿಡಿಸಿದ್ದು ಅವರು ಸುತ್ತತಾರ. ಸಾಕಾಗಿ ಹೋಗೇತಿ ಖರೇ. ಆದ್ರ ಕೈ ನಿಂತ್ರ ಮನಿಶಾ ನಿಲ್ತಾನ."

ಅಡುಗೆ, ಗಂಡನ ಸ್ನಾನ, ಬಟ್ಟೆ, ಔಷಧ ಎಲ್ಲ ಮುಗಿದ ಮೇಲೆ ಉಳಿಯುತ್ತಿದ್ದ ಒಂದೇ ಒಂದು ಬಿಡುವಿನ ಹೊತ್ತನ್ನು ಅವರು ಹೀಗೆ ತೀಡಿ ಕಳೆಯುತ್ತಿದ್ದರು. ನಾನೂ ಪಕ್ಕದಲ್ಲಿ ಕುಳಿತು ಬಿಡಿಸಿದೆ. ಎಷ್ಟೋ ಸಲ ಮಡಿಸಿದ ಕಾಗದ ಬಟ್ಟೆಯಷ್ಟು ಮೆತ್ತಗಾಗಿತ್ತು.

ಆ ಚಳಿಗಾಲದಲ್ಲಿ ಒಂದು ಸಂಜೆ ನಾನು ಪಡಸಾಲೆಯಲ್ಲಿದ್ದೆ. ಗೌರಕ್ಕ ಎಂದಿನಂತೆ ಕಾಗದದ ಕಟ್ಟು ತಂದಿಟ್ಟರು. ಈರಪ್ಪನವರು ಮೇಲಿನ ಹಾಳೆಯನ್ನು ಎತ್ತಿ ದೀಪಕ್ಕೆ ಹಿಡಿದರು. ಹಳೆಯ ಮಡಿಕೆಯ ಗೆರೆಯ ಮೇಲೆ ಬೆರಳಾಡಿಸಿದರು. ಹೆಂಡತಿಯ ಮುಖ ನೋಡಿದರು. ಅವರ ತುಟಿಯ ಒಂದು ಬದಿ ಮಾತ್ರ ನಕ್ಕಿತು. ಆಮೇಲೆ ಅದೇ ಗೆರೆ ಹಿಡಿದು, ಚೂರೂ ತಪ್ಪದೆ, ಸುತ್ತತೊಡಗಿದರು.

ಗೌರಕ್ಕ ಎದ್ದು ಕಟ್ಟೆಗೆ ಹೋದರು. ನಾನು ಹಿಂದೆಯೇ ಹೋದೆ. ಸೆರಗು ಬಾಯಿಗೆ ಒತ್ತಿ ನಿಂತಿದ್ದರು.

"ಅವರಿಗೆ ಗೊತ್ತೈತ್ರಿ. ಮೊದಲಿಂದನೂ ಗೊತ್ತಿತ್ತು. ನನಗ ಕೆಟ್ಟ ಅನಿಸ್ಬಾರ್ದಂತ ಸುಮ್ಮನಿದ್ರು."

"ಹಂಗಾದ್ರ ಇನ್ನ ಮ್ಯಾಲ ಬಿಟ್ಟಬಿಡ್ರಿ ಗೌರಕ್ಕ, ನಿಮಗೂ ಸ್ವಲ್ಪ ಆರಾಮ..."

"ಯಾಕ ಬಿಡ್ಲಿ? ನಾವಿಬ್ರೂ ಮಾತಾಡೂದು ಅದೊಂದರಾಗ," ಎಂದು ಕಣ್ಣೊರೆಸಿಕೊಂಡು ಒಳಗೆ ಹೋದರು.

ಆ ಮಾತು ಇನ್ನೆರಡು ಬೇಸಿಗೆಗಳವರೆಗೆ ನಡೆಯಿತು. ಈರಪ್ಪನವರು ಹೋದ ಮೇಲೆ ರಾಣೇಬೆನ್ನೂರಿಗೆ ಕೊಟ್ಟಿದ್ದ ಮಗಳು ಬಂದು ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ನನಗೂ ಹಾವೇರಿಗೆ ವರ್ಗವಾಯಿತು. ನೋಡಿಬರಬೇಕು ಎನ್ನುತ್ತಲೇ ದಿನಗಳು ಜಾರಿದವು.

ಕೊನೆಗೊಂದು ಭಾನುವಾರ ಹೋದೆ. "ಅವ್ವ ಮಲಗ್ಯಾಳ, ಎಬ್ಬಸ್ಲೇನ್ರಿ?" ಎಂದಳು ಮಗಳು. ಬೇಡವೆಂದೆ. ಬ್ಯಾಡಗಿಯಲ್ಲಿ ಇದ್ದಷ್ಟು ಕಾಲ ಅವರು ಹಗಲಲ್ಲಿ ಮಲಗಿದ್ದನ್ನು ನಾನು ನೋಡಿರಲಿಲ್ಲ. ಕೈಗಳು ಎದೆಯ ಮೇಲಿದ್ದವು, ಬೆರಳುಗಳು ತೊಳೆದಂತೆ ಬೆಳ್ಳಗಿದ್ದವು. ಬಹಳ ಹೊತ್ತು ಪಕ್ಕದಲ್ಲಿ ಕುಳಿತೆ. ಬಸ್ಸಿನ ಹೊತ್ತಾಯಿತೆಂದು ಎದ್ದಾಗ ಅವರು ಕಣ್ಣು ತೆರೆದರು.

"ಯಾರು?"

"ನಾನ್ರಿ ಗೌರಕ್ಕ. ಬಾಜೂ ಮನಿ ಅಕ್ಕೋರು."

"ದಣದ ಬಂದೀರಿ. ಕುಂದ್ರಿ, ಚಾ ಮಾಡ್ತೇನಿ," ಎಂದರು. ಏಳಲಿಲ್ಲ. ನನ್ನ ಕೈಯನ್ನು ಹಿಡಿದುಕೊಂಡೇ ಮತ್ತೆ ನಿದ್ದೆಗೆ ಜಾರಿದರು.

ಆ ನಿದ್ದೆಯಿಂದ ಕೈ ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಬಸ್ಸು ಹೋದರೆ ಹೋಗಲಿ ಎಂದು ಕುಳಿತೆ. ಅವರನ್ನು ನಾನು ನೋಡಿದ್ದು ಅದೇ ಕೊನೆ.