ಮಂಗಳ ಗ್ರಹದಲ್ಲಿ ಅವ್ವನ ಕೊಡ

ನಿನ್ನೆ ಅವ್ವನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದೆ. ಚಿಕ್ಕಂದಿನಿಂದ ನನಗೆ ಹುಚ್ಚು ಹಿಡಿಸಿದ್ದ ಮಂಗಳ ಗ್ರಹದ ಕಾದಂಬರಿ ಈಗ ಸಿನಿಮಾ ಆಗಿದೆ. ಪರದೆಯ ಮೇಲೆ ಕೆಂಪು ಧೂಳೆದ್ದಿತು. ನನ್ನ ಮೂಗಿಗೆ ಮಾತ್ರ ಶಹಾಬಾದಿನ ಕಲ್ಲುಗಣಿಯ ಧೂಳಿನ ವಾಸನೆ ಬಡಿಯಿತು.

ಆಗ ನಮ್ಮ ಮನೆ ಗಣಿಯ ಮಗ್ಗುಲಲ್ಲೇ ಇತ್ತು. ಸಂಜೆ ಕಾಕಾ ಅಂಗಳದ ಕಲ್ಲುಹಾಸಿನ ಮೇಲೆ ಕುಳಿತು ಆ ಕಾದಂಬರಿಯನ್ನು ನಮಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಅವ್ವ ಹಾಸಿಗೆ ಝಾಡಿಸುತ್ತ, ನೀರಿನ ಕೊಡಗಳ ಬಾಯಿಗೆ ಒದ್ದೆ ಅರಿವೆ ಕಟ್ಟುತ್ತ ಕೇಳುತ್ತಿದ್ದಳು. ಕಥೆಯಲ್ಲಿ ಬಿರುಗಾಳಿ ಎದ್ದ ದಿನ ಅವಳ ಕೈ ನಿಂತಿತು.

“ಇಷ್ಟು ಧೂಳು ಬರಾಕತ್ತದ, ಅಲ್ಲಿ ಮಂದಿ ಕೊಡ ಮುಚ್ಚಲ್ಲೇನು?”

ಕಾಕಾ ಪುಟದಿಂದ ತಲೆ ಎತ್ತಲಿಲ್ಲ. “ಮುಚ್ಚತಾರ ವೈನಿ, ಅದೇ ಬರಾಕತ್ತದ ಕೇಳ್ರಿ,” ಎಂದವನೇ, ಮಂಗಳದ ಹೆಂಗಸರು ಅರಿವೆ ಹಿಂಡಿ ಕೊಡಕ್ಕೆ ಕಟ್ಟಿದ್ದನ್ನು ಅದೇ ದನಿಯಲ್ಲಿ ಓದಿಬಿಟ್ಟ.

“ಶಾಣ್ಯಾ ಮಂದಿ ಅದಾರ,” ಎಂದು ಅವ್ವ ಒಪ್ಪಿಕೊಂಡಳು. ಅಲ್ಲಿಂದ ಮುಂದೆ ಕಥೆಯಲ್ಲಿ ಗಾಳಿ ಎದ್ದಾಗಲೆಲ್ಲ ಕೊಡಗಳಿಗೆ ಅರಿವೆ ಬಿತ್ತು.

ದೊಡ್ಡವನಾಗಿ ನಾನೇ ಓದಿದಾಗ ಗೊತ್ತಾಯಿತು, ಪುಸ್ತಕದಲ್ಲಿ ಕೊಡವೇ ಇಲ್ಲ. ಅವ್ವನಿಗೆ ಹೇಳಲು ಮನಸ್ಸಾಗಲಿಲ್ಲ.

ಈ ಸಿನಿಮಾದವರು ಪುಸ್ತಕವನ್ನು ಕೂದಲೆಳೆಯಷ್ಟೂ ಬದಲಿಸಿಲ್ಲ. ಅಭಿಮಾನಿಯಾಗಿ ನಾನು ಕುಣಿಯಬೇಕಿತ್ತು. ಆದರೆ ಬಿರುಗಾಳಿ ಬಂದಾಗ ನನ್ನ ಕಣ್ಣೂ ಕೊಡವನ್ನೇ ಹುಡುಕುತ್ತಿತ್ತು.

ಹೊರಗೆ ಬಂದ ಮೇಲೆ ಅವ್ವ ಸೆರಗು ಕೊಡವಿಕೊಂಡಳು.

“ಚಲೋ ತೆಗದಾರ. ಆದ್ರ ಪುಸ್ತಕ ಪೂರಾ ಓದಿಲ್ಲ ನೋಡು.”