ನಾನೇ ಫೋನ್ ಮಾಡಿ ಕರೆಸಿಕೊಂಡ ವಂಚಕ

ಪುಣೆಯ ಹಿಂಜವಾಡಿಯಲ್ಲಿರುವ ನಮ್ಮ ಐಟಿ ಕಂಪನಿಗೆ ಹೊಸದಾಗಿ ಸೇರಿದವರಿಗೆ ಎರಡು ಗಂಟೆಯ ತರಗತಿಯೊಂದನ್ನು ನಡೆಸುವುದು ನನ್ನ ಕೆಲಸಗಳಲ್ಲೊಂದು. ವಿಷಯ, ಆನ್‌ಲೈನ್ ಮೋಸಗಳಿಂದ ಪಾರಾಗುವುದು ಹೇಗೆ. ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ನಾವು ಸರಿಮಾಡಿಕೊಡುತ್ತೇವೆ’ ಎಂದು ಯಾರಾದರೂ ಫೋನ್ ಮಾಡಿದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಆರು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಮೋಸ ಹೋದವರ ಕಥೆ ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಕನಿಕರ, ಸ್ವಲ್ಪ ನಗೆ ಇರುತ್ತಿತ್ತು. ಈಗ ಯೋಚಿಸಿದರೆ ನಗೆಯೇ ಹೆಚ್ಚಿತ್ತು.

ಕಳೆದ ವರ್ಷ ಒಂದು ಶನಿವಾರ ಮಧ್ಯಾಹ್ನ ನಮ್ಮ ಮನೆಯ ಪ್ರಿಂಟರ್ ಮುಷ್ಕರ ಹೂಡಿತು. ನನ್ನ ತಂದೆಯ ಅಕ್ಕ, ಎಂದರೆ ನನ್ನ ಸೋದರತ್ತೆ, ನಮ್ಮ ಜೊತೆಗೇ ಇರುತ್ತಾರೆ. ಧಾರವಾಡದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ತಾವಿನ್ನೂ ಬದುಕಿದ್ದೇವೆ ಎಂದು ಪಿಂಚಣಿ ಕೊಡುವ ಬ್ಯಾಂಕಿಗೆ ಅವರು ವರ್ಷಕ್ಕೊಮ್ಮೆ ಬರೆದುಕೊಡಬೇಕು. ಆ ಅರ್ಜಿಯನ್ನು ಮುದ್ರಿಸಲು ಹೊರಟಿದ್ದೆ. ಬದುಕಿದ್ದ ಅತ್ತೆ ಎದುರಿಗೇ ಕೂತು ಶೇಂಗಾ ಸುಲಿಯುತ್ತಿದ್ದರು. ಪ್ರಿಂಟರ್ ಮಾತ್ರ ಅದನ್ನು ಕಾಗದದ ಮೇಲೆ ಒಪ್ಪಲು ತಯಾರಿರಲಿಲ್ಲ.

ಅಂತರ್ಜಾಲದಲ್ಲಿ ಆ ಪ್ರಿಂಟರ್ ಕಂಪನಿಯ ಸಹಾಯವಾಣಿ ಹುಡುಕಿದೆ. ಎಲ್ಲಕ್ಕಿಂತ ಮೇಲೆ ಕಂಡ ಸಂಖ್ಯೆಗೆ ಫೋನ್ ಮಾಡಿದೆ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಜಾಹೀರಾತು’ ಎಂದು ಬರೆದಿತ್ತಂತೆ. ಆಗ ನನಗೆ ಕಾಣಲಿಲ್ಲ.

ಒಂದೇ ರಿಂಗಿಗೆ ಫೋನ್ ಎತ್ತಿದರು. ನಿಜವಾದ ಕಂಪನಿ ಯಾವುದೂ ಒಂದೇ ರಿಂಗಿಗೆ ಎತ್ತುವುದಿಲ್ಲ ಎಂಬುದು ಆಗಲೇ ಹೊಳೆಯಬೇಕಿತ್ತು. ಆತ ಹಿಂದಿಯಲ್ಲಿ ಬಹಳ ವಿನಯದಿಂದ ಮಾತಾಡಿದ. ತೊಂದರೆ ಏನೆಂದು ನೋಡಲು ಒಂದು ಆ್ಯಪ್ ಹಾಕಿಕೊಳ್ಳಿ ಎಂದ. ನನ್ನ ಲ್ಯಾಪ್‌ಟಾಪಿನ ಪರದೆ ಅವನಿಗೂ ಕಾಣುವಂತೆ ಮಾಡುವ ಆ್ಯಪ್ ಅದು. ಹಾಕಿಕೊಂಡೆ. ಅದರಲ್ಲಿ ಬಂದ ಒಂಬತ್ತು ಅಂಕಿಗಳನ್ನು ಓದಿ ಹೇಳಿ ಎಂದ, ಹೇಳಿದೆ.

“ಸರ್, ನೀವು ಐಟಿಯವರಾ? ಎಷ್ಟು ಬೇಗ ಅರ್ಥ ಮಾಡ್ಕೊಳ್ತೀರಿ!” ಎಂದ.

ಹೌದೆಂದೆ. ಹೆಮ್ಮೆಯಿಂದಲೇ ಹೇಳಿದೆ.

ನನ್ನ ಪರದೆಯ ಮೇಲೆ ಬಾಣದ ಗುರುತು ತಾನಾಗಿ ಓಡಾಡತೊಡಗಿತು. ಕೆಂಪು, ಹಳದಿ ಗುರುತುಗಳಿದ್ದ ಉದ್ದನೆಯ ಪಟ್ಟಿಯೊಂದನ್ನು ತೆರೆದು ತೋರಿಸಿ, ಇಷ್ಟೂ ವೈರಸ್ ದಾಳಿಗಳು ಸರ್, ನಿಮ್ಮ ಕಂಪ್ಯೂಟರ್ ದೊಡ್ಡ ಅಪಾಯದಲ್ಲಿದೆ ಎಂದ. ಅಂಥ ಗುರುತುಗಳು ಎಲ್ಲ ಕಂಪ್ಯೂಟರಿನಲ್ಲೂ ದಿನನಿತ್ಯ ಬೀಳುತ್ತವೆ. ಅವನ್ನೇ ತೋರಿಸಿ ಹೆದರಿಸುತ್ತಾರೆ ಎಂದು ನನ್ನ ತರಗತಿಯಲ್ಲಿ ಚಿತ್ರಸಹಿತ ಹೇಳಿಕೊಡುತ್ತೇನೆ. ಆದರೂ ಹೆದರಿದೆ. ಏಕೆಂದರೆ ನನ್ನ ಪಾಠವೆಲ್ಲ ತಾವಾಗಿ ಫೋನ್ ಮಾಡುವ ಕಳ್ಳರ ಬಗ್ಗೆ ಇತ್ತು. ಇವನಿಗೆ ಫೋನ್ ಮಾಡಿದ್ದವನು ನಾನು. ನಾನೇ ಹುಡುಕಿ ತಂದವನು ಕಳ್ಳನಾಗಿರಲು ಹೇಗೆ ಸಾಧ್ಯ?

ಭದ್ರತೆಗೆ ಹತ್ತು ರೂಪಾಯಿ ನೋಂದಣಿ ಶುಲ್ಕ ಕಟ್ಟಬೇಕು, ಇಲ್ಲೇ ನಿಮ್ಮ ಬ್ಯಾಂಕಿನ ಪುಟ ತೆರೆಯಿರಿ, ಫೋನ್ ಮಾತ್ರ ಇಡಬೇಡಿ ಎಂದ. ಬೆರಳುಗಳು ಕೀಲಿಮಣೆಯ ಮೇಲೆ ಹೋದವು.

“ಯಾರ ಜೋಡಿ ಮಾತಾಡಾಕತ್ತೀಯೋ?” ಅತ್ತೆ ಕೇಳಿದರು. ಫೋನ್ ಸ್ಪೀಕರಿನಲ್ಲಿತ್ತು.

“ಪ್ರಿಂಟರ್ ಕಂಪನಿಯವ್ರು. ಸ್ವಲ್ಪ ತಡೀರಿ ಅತ್ತಿ.”

“ಅವ್ನ ಹಿಂದ ಒಬ್ಬಾಕಿ ಇದ್ದಾಳ, ಕೇಳು. ಅಕಿನೂ ಯಾರಿಗೋ ದೊಡ್ಡ ಅಪಾಯ ಅದ ಅನ್ನಾಕತ್ತಾಳ. ಆಕಡೆ ಮತ್ತೊಬ್ಬ, ಅವನೂ ಅದ ಮಾತು. ಎಲ್ಲಾರ ಪ್ರಿಂಟರಿಗೂ ಒಂದ ರೋಗ ಏನು?”

ನನಗೆ ಒಂದೇ ದನಿ ಕೇಳಿಸಿತ್ತು. ಮೂವತ್ತು ವರ್ಷ ಹೆಡ್‌ಫೋನ್ ಹಾಕಿಕೊಂಡು ಕೂತ ಕಿವಿಗೆ ಇಡೀ ಕೋಣೆ ಕೇಳಿಸಿತ್ತು.

“ನಿನ್ನ ಪ್ರಿಂಟರ್ ಯಾವ ಮಾಡೆಲ್ ಅಂತ ಒಂದ ಸಲಾನರ ಕೇಳಿದ್ನೇನು ಅಂವ?”

ಕೇಳಿರಲಿಲ್ಲ. ಅತ್ತೆ ಎದ್ದು ಬಂದು ಫೋನಿಗೆ ಬಾಯಿ ಹಚ್ಚಿ, ತಮ್ಮ ಮರಾಠಿಮಿಶ್ರಿತ ಹಿಂದಿಯಲ್ಲಿ ಅದನ್ನೇ ಅವನಿಗೆ ಕೇಳಿದರು. ಆತ, “ಮೇಡಂ, ಫೋನ್ ಸರ್‌ಗೆ ಕೊಡಿ” ಎಂದ. ವಿನಯ ಹೋಗಿಬಿಟ್ಟಿತ್ತು.

“ಅಂವ ಯಾವ ವಾಯರಿನಾಗಿಂದ ಬಂದಾನ?” ಅತ್ತೆ ನನ್ನನ್ನು ಕೇಳಿದರು.

ನಾನು ಗೋಡೆಯ ಮೇಲಿದ್ದ ವೈಫೈ ಪೆಟ್ಟಿಗೆ ತೋರಿಸಿದೆ. ಅತ್ತೆ ಅದರ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡರು. ಬಾಣದ ಗುರುತು ಪರದೆಯ ಮಧ್ಯದಲ್ಲಿ ನಿಂತುಬಿಟ್ಟಿತು.

ಆಮೇಲೆ ಮಾಡಬೇಕಾದದ್ದೆಲ್ಲ ನನಗೆ ಬಾಯಿಪಾಠವಾಗಿತ್ತು. ಫೋನ್ ಇಟ್ಟೆ. ಆ್ಯಪ್ ತೆಗೆದುಹಾಕಿದೆ. ಬ್ಯಾಂಕಿಗೆ ಹೇಳಿ ಖಾತೆಯ ಆನ್‌ಲೈನ್ ವ್ಯವಹಾರ ನಿಲ್ಲಿಸಿದೆ, ಪಾಸ್‌ವರ್ಡ್‌ಗಳನ್ನೆಲ್ಲ ಮೊಬೈಲಿನಿಂದ ಬದಲಾಯಿಸಿದೆ, ಸೈಬರ್ ಪೊಲೀಸರಿಗೆ ದೂರು ಬರೆದೆ. ದುಡ್ಡು ಹೋಗಿರಲಿಲ್ಲ. ಆತ ಮತ್ತೆ ಮತ್ತೆ ಫೋನ್ ಮಾಡಿದ. ಕೊನೆಗೊಮ್ಮೆ ಎತ್ತಿದರೆ, “ಅರ್ಧಕ್ಕೇ ಬಿಟ್ರಿ ಸರ್, ನಾಳೆ ಏನಾದ್ರೂ ಆದ್ರೆ ನಮ್ಮ ಜವಾಬ್ದಾರಿ ಅಲ್ಲ” ಎಂದು ನನಗೇ ಗದರಿದ. ಅರ್ಜಿಯನ್ನು ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಬಂದೆ. ಐದು ನಿಮಿಷವೂ ಹಿಡಿಯಲಿಲ್ಲ.

“ನೀ ಇದನ್ನ ಮಂದಿಗೆ ಕಲಿಸ್ತೀ ಹೌದಿಲ್ಲೋ?” ಅತ್ತೆ ಕೇಳಿದರು. ಚುಚ್ಚಲು ಕೇಳಿದ್ದಲ್ಲ, ನಿಜಕ್ಕೂ ತಿಳಿದುಕೊಳ್ಳಲು ಕೇಳಿದ್ದು. ಅದಕ್ಕೇ ಹೆಚ್ಚು ನೋವಾಯಿತು.

ಸೋಮವಾರ ನನ್ನ ಮೇಲಧಿಕಾರಿಗೆ ಎಲ್ಲ ಹೇಳಿದೆ. ಬೆಂಗಳೂರಿನವರು, ನನಗಿಂತ ಚಿಕ್ಕವರು. ಸಹಾಯವಾಣಿಯ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ ತೆಗೆದುಕೊಳ್ಳಬಾರದು, ವಸ್ತುವಿನ ಬಿಲ್ಲಿನಲ್ಲೋ ಡಬ್ಬಿಯ ಮೇಲೋ ನೋಡಬೇಕು ಎಂದು ಪಾಠಕ್ಕೆ ಸೇರಿಸುತ್ತೇನೆ, ಜೊತೆಗೆ ನನ್ನ ಕಥೆಯನ್ನೂ ಹೇಳುತ್ತೇನೆ ಎಂದೆ.

“ನಂಬರ್ ವಿಷ್ಯ ಹಾಕಿ. ಸ್ಟೋರಿ ಬೇಡ,” ಎಂದರು. “ಟ್ರೈನರ್ರೇ ಮೋಸ ಹೋದ್ರು ಅಂದ್ರೆ ಯಾರು ಸೀರಿಯಸ್ಸಾಗಿ ತಗೋತಾರೆ?”

ತಲೆಯಾಡಿಸಿ ಬಂದೆ. ಆದರೆ ಆ ವಾರದ ತರಗತಿಯಲ್ಲಿ ಮಾತು ತಾನಾಗಿ ಬಂದುಬಿಟ್ಟಿತು, ನಿಲ್ಲಿಸಲಾಗಲಿಲ್ಲ. ಆರು ವರ್ಷಗಳಲ್ಲಿ ಮೊದಲ ಸಲ ಎಲ್ಲರೂ ಮೊಬೈಲ್ ಕೆಳಗಿಟ್ಟು ನನ್ನನ್ನು ನೋಡಿದರು. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯೇ ಎಂದು ಕೇಳಿದಾಗ ಮುಂದಿನ ಸಾಲಿನಿಂದ ಒಂದು ಕೈ ಎದ್ದಿತು, ನಂತರ ಕಿಟಕಿಯ ಬಳಿಯಿಂದ ಎರಡು. ಹಿಂದಿನ ಸಾಲಿನಲ್ಲಿ ನನ್ನ ಮೇಲಧಿಕಾರಿ ಕೂತಿದ್ದರು, ನನ್ನ ಪಾಠ ಹೇಗೆ ನಡೆಯುತ್ತದೆಂದು ನೋಡಲು. ಅವರು ಕೈ ಎತ್ತಲಿಲ್ಲ.

ಎಲ್ಲರೂ ಊಟಕ್ಕೆ ಹೋದ ಮೇಲೆ ಹತ್ತಿರ ಬಂದರು. ನಾನು ಬೈಗುಳಕ್ಕೆ ಸಿದ್ಧನಾಗಿ ನಿಂತೆ.

“ನಂದು ವಾಷಿಂಗ್ ಮಷೀನ್,” ಎಂದರು ಮೆಲ್ಲಗೆ. “ಮನೇಲಿ ಇನ್ನೂ ಹೇಳಿಲ್ಲ.”