ಪಟ್ಟಿಯಿಂದ ಬಿಟ್ಟುಹೋದ ಕಂಪನಿಗಳು

ಬಂಗಾರಪೇಟೆಯ ಬಾಡಿಗೆ ಮನೆಯಲ್ಲಿ ನಾನೊಬ್ಬಳೇ. ಅಮ್ಮ ಹೋದ ಮೇಲೆ, ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡಿ ಬಂದರೆ ಜೊತೆಗಿರುತ್ತಿದ್ದದ್ದು ಲ್ಯಾಪ್‌ಟಾಪ್ ಮಾತ್ರ. ನಲವತ್ತೈದು ದಾಟಿದ ಮೇಲೆ ಪಿಎಚ್‌ಡಿಗೆ ಸೇರಿದ್ದು ಓದಿನ ಹುಚ್ಚಿಗಲ್ಲ, ಸಂಜೆಗಳನ್ನು ಹೇಗಾದರೂ ಕಳೆಯಬೇಕಿತ್ತು. ಇದನ್ನು ಗೈಡ್‌ಗೆ ಹೇಳಿರಲಿಲ್ಲ.

ಚಿನ್ನದ ಗಣಿ ಮುಚ್ಚಿದಾಗ ಕೈಗೆ ಬಂದ ಹಣದಲ್ಲಿ ಕೆಜಿಎಫ್‌ನ ಕೆಲವರು ಷೇರು ಕೊಂಡಿದ್ದರು. ಅದರಿಂದ ಅವರಿಗೆ ನಿಜಕ್ಕೂ ಎಷ್ಟು ಲಾಭವಾಯಿತು ಎಂಬುದೇ ನನ್ನ ಸಂಶೋಧನೆ. ಮನೆಮನೆಗೆ ಹೋಗಿ ಯಾವ ಷೇರು, ಯಾವಾಗ ಕೊಂಡಿರಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ಆಮೇಲೆ ವರ್ಷವರ್ಷದ ಬೆಲೆ ಹಿಡಿದು ಲೆಕ್ಕ ಹಾಕುತ್ತಿದ್ದೆ. ಮೂರು ವರ್ಷ ಅಲೆದದ್ದಕ್ಕೆ ಫಲಿತಾಂಶ ಸೊಗಸಾಗಿಯೇ ಬಂತು: ನಮ್ಮ ಜನ ಬ್ಯಾಂಕಿನ ಬಡ್ಡಿಯನ್ನು ಆರಾಮವಾಗಿ ಮೀರಿಸಿದ್ದರು. ಗೈಡ್ ಖುಷಿಯಾಗಿ ಬೇಗ ಪ್ರಬಂಧ ಮುಗಿಸಿ ಎಂದರು.

ಬಾಕಿ ಇದ್ದದ್ದು ಗಣಿ ಕಾಲೋನಿಯಾದ ಚಾಂಪಿಯನ್ ರೀಫ್ಸ್‌ನ ಒಂದೇ ಮನೆ. ಅಲ್ಲಿದ್ದ ತಾತ ಗಣಿಯಲ್ಲಿ ದುಡಿದು ಮುದುಕರಾದವರು, ಮೂಲ ಬಂಗಾರಪೇಟೆ ಕಡೆಯ ಹಳ್ಳಿ. ಐದು ಕಂಪನಿಗಳ ಹೆಸರು ಹೇಳಿದರು. ಬೆಲೆ ನೋಡಲು ನಾನಿಟ್ಟುಕೊಂಡಿದ್ದ ಪಟ್ಟಿಯಲ್ಲಿ ಸಿಕ್ಕಿದ್ದು ಎರಡೇ.

"ಉಳಿದ ಮೂರೂ ಈಗ ಮಾರುಕಟ್ಟೆಯಲ್ಲೇ ಇಲ್ಲ ತಾತ, ಬಿಟ್ಟುಬಿಡ್ತೀನಿ," ಎಂದೆ. ಎಲ್ಲರ ಮನೆಯಲ್ಲೂ ಹಾಗೇ ಮಾಡಿದ್ದೆ. ಇವತ್ತು ವಹಿವಾಟಿರುವ ಕಂಪನಿಗಳ ಬೆಲೆ ಸಲೀಸಾಗಿ ಸಿಗುತ್ತದೆ; ಮುಳುಗಿದವನ್ನು ಹುಡುಕಲು ಯಾರಿಗೆ ಪುರುಸೊತ್ತು?

"ಯಾಕ್ ಬಿಡ್ತೀಯಮ್ಮಾ? ನನ್ ದುಡ್ಡು ಅದ್ರಾಗೇ ಓಗಿದ್ದು."

"ಅವುಗಳ ಬೆಲೆ ಸಿಗಲ್ವಲ್ಲ."

ಅವರಿಗೆ ರೇಗಿತು. "ಗಣಿಗೆ ಇಳ್ಯೋವಾಗ ನಮ್ಗೆಲ್ಲ ಟೋಕನ್ ಕೊಡೋರು. ಮ್ಯಾಕೆ ಬಂದು ವಾಪಸ್ ಕೊಡ್ಬೇಕು. ಶಿಫ್ಟ್ ಮುಗುದ್ರೆ ಟೈಮ್ ಆಫೀಸ್ನೋರು ಯಾವ ಟೋಕನ್ ಬಂದಿಲ್ಲ, ಯಾರು ಒಳ್ಗೇ ಉಳ್ದವ್ರೆ ಅಂತ ಮೊದ್ಲು ನೋಡೋರು ಕಣಮ್ಮಾ. ನೀನು ಮ್ಯಾಕೆ ಬಂದೋರ್ನೇ ಎಣಿಸ್ಕೊಂಡು ಎಲ್ರೂ ಚೆನ್ನಾಗವ್ರೆ ಅಂತ ಬರ್ಕೊಂಡೋಗ್ತಿದ್ದೀಯ."

ಉಳಿದವನ್ನಷ್ಟೇ ಎಣಿಸುವ ಈ ತಪ್ಪಿಗೆ ಪಠ್ಯಪುಸ್ತಕದಲ್ಲಿ ದೊಡ್ಡ ಹೆಸರೇ ಇದೆ, ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ವಿದ್ಯಾರ್ಥಿಗಳನ್ನು ಎಚ್ಚರಿಸುವವಳೂ ನಾನೇ. ಹೇಳೋದು ವೇದಾಂತ, ತಿನ್ನೋದು ಬದನೇಕಾಯಿ.

"ಚೆನ್ನಾಗಿರೋ ಫಲಿತಾಂಶ ಯಾಕೆ ಕೆಡಿಸ್ಕೊಳ್ತೀರಿ? ಇನ್ನೊಂದು ವರ್ಷ ಹಿಡಿಯುತ್ತೆ," ಎಂದರು ವಿಷಯ ಕೇಳಿದ ಗೈಡ್. ನಾಲ್ಕು ದಿನ ಒದ್ದಾಡಿ, ಮತ್ತೆ ಮೊದಲಿನಿಂದ ಮಾಡುತ್ತೇನೆ ಎಂದೆ. ಇದಕ್ಕೆ ಬರೀ ಪ್ರಾಮಾಣಿಕತೆ ಕಾರಣ ಎಂದರೆ ಸುಳ್ಳಾದೀತು. ಪ್ರಬಂಧ ಮುಗಿದರೆ ಸಂಜೆ ಏನು ಮಾಡಲಿ ಎಂಬ ಭಯವೂ ಇತ್ತು.

ಆಂಡರ್ಸನ್‌ಪೇಟೆ, ಕೋರಮಂಡಲ್‌ನ ಅದೇ ಬಾಗಿಲುಗಳನ್ನು ಮತ್ತೆ ತಟ್ಟಿದೆ. ಲಾಭದ ಷೇರುಗಳ ಬಗ್ಗೆ ಕಾಫಿ ಕೊಟ್ಟು ಮಾತಾಡಿದ್ದವರು, ಮುಳುಗಿದವುಗಳನ್ನು ಕೇಳಿದರೆ ದನಿ ತಗ್ಗಿಸುತ್ತಿದ್ದರು. ಒಬ್ಬರು ಷೇರು ಸರ್ಟಿಫಿಕೇಟುಗಳನ್ನು ಬೀದಿ ಕೊನೆಗೆ ತಂದು ತೋರಿಸಿ, "ನಮ್ಮನೇಲಿ ಯಾರ್ಗೂ ಗೊತ್ತಿಲ್ಲ," ಎಂದರು. ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದ ದಿನ ಲಾಭ ಕರಗಿ ಬ್ಯಾಂಕಿನ ಬಡ್ಡಿಗಿಂತ ಕೆಳಗಿಳಿಯಿತು.

ಆ ಸಂಜೆ ಯಾರಿಗಾದರೂ ಹೇಳಬೇಕೆನಿಸಿತು. ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ನೋಡಿದೆ. ಗ್ಯಾಸ್ ಏಜೆನ್ಸಿ, ಪ್ಲಂಬರ್, ಕಾಲೇಜಿನ ಆಫೀಸು. ಫೋನ್ ಇಟ್ಟು ಮಲಗಿದೆ, ಬೆಳಿಗ್ಗೆ ಎದ್ದು ಚಾಂಪಿಯನ್ ರೀಫ್ಸ್‌ಗೆ ಹೋದೆ.

"ನೀವು ಹೇಳಿದ್ದೇ ಸರಿ ತಾತ. ಬಿಟ್ಟಿದ್ದನ್ನೆಲ್ಲ ಸೇರಿಸಿದೆ. ಮುಳುಗಿದ ಕಂಪನಿಗೆ ದುಡ್ಡು ಹಾಕಿದವರು ಊರ ತುಂಬ ಇದ್ದಾರೆ."

ಅವರು ಬೈಯುತ್ತಾರೆ, ಇಲ್ಲವೇ ನಗುತ್ತಾರೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ಅಂಗಾರೆ ನಾನೊಬ್ನೇ ಅಲ್ವಾ?"

"ಅಲ್ಲ ತಾತ."

"ನಮ್ಮೋಳು ಸಾಯೋಗಂಟ ಅವ್ಳಿಗೆ ಏಳ್ಲಿಲ್ಲಮ್ಮಾ. ಊರ್ಗೆಲ್ಲ ನಾನೊಬ್ನೇ ದಡ್ಡ ಅನ್ಕೊಂಡಿದ್ದೆ." ಟವೆಲಿನಿಂದ ಮುಖ ಒರೆಸಿಕೊಂಡರು. "ಅದ್ನೇ ಇನ್ನೊಂದ್ಸಲ ಏಳು."

"ನೀವೊಬ್ಬರೇ ಅಲ್ಲ ತಾತ," ಎಂದೆ. ಹೇಳುವಾಗ ನನಗೇ ಅಳು ಬಂತು.